ಕೊಂಗಣಿವರ್ಮನ ತಂದೆ ಯಾರು?

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಕಡೆದ ವಿಗ್ರಹಗಳು ದೂರದೂರದ ದೇವಾಲಯಗಳನ್ನು ಸೇರುತ್ತವೆ. ಈ ಊರಿನ ಹೆಸರಿನಲ್ಲಿ ಗಂಗರ ದೊರೆ ಶಿವಮಾರನ ಹೆಸರು ಅಡಗಿದೆ, ಶಿವಮಾರಪಟ್ಟಣವೇ ಜನರ ಬಾಯಲ್ಲಿ ಸವೆದು ಶಿವಾರಪಟ್ಟಣವಾಯಿತು ಎಂಬ ಹೇಳಿಕೆಯೊಂದು ಉಂಟು. ಗಂಗರ ಮೊದಲ ರಾಜಧಾನಿಯಾದ ಕುವಳಾಲಪುರ, ಅಂದರೆ ಇಂದಿನ ಕೋಲಾರ, ಅಲ್ಲಿಗೆ ಬಹುದೂರವಲ್ಲ. ಆದುದರಿಂದ ಈ ಮಾತು ಅಸಂಭವವೆನಿಸುವುದಿಲ್ಲ. ಆದರೂ ಊರಿನ ಹೆಸರಿನಿಂದ ದೊರೆಯನ್ನು ಊಹಿಸುವುದು ಒಂದು ಬಗೆ, ಆ ದೊರೆ ಯಾರ ಮಗನೆಂದು ಸಾಧಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಆ ವಂಶದವರೇ ಬರೆಯಿಸಿಟ್ಟ ಪತ್ರ ಬೇಕು.

ಗಂಗರು ಇಂತಹ ಪತ್ರಗಳನ್ನು ಧಾರಾಳವಾಗಿ ಬಿಟ್ಟುಹೋಗಿದ್ದಾರೆ. ತಾಮ್ರದ ಹಲಗೆಗಳ ಮೇಲೆ ಕೊರೆದು, ಬಳೆ ತೊಡಿಸಿ, ಮುದ್ರೆಯೊತ್ತಿದ ಅವರ ದಾನಶಾಸನಗಳು ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸುತ್ತವೆ. ಮೊದಲು ಸ್ತುತಿ, ಅನಂತರ ಮೂಲಪುರುಷನಿಂದ ಹಿಡಿದು ದಾನ ಮಾಡಿದ ಅರಸನವರೆಗೆ ವಂಶಾವಳಿ, ಕೊನೆಯಲ್ಲಿ ಭೂಮಿಯ ವಿವರ. ಈ ಕ್ರಮದಿಂದಲೇ ಇಮ್ಮಡಿ ಶಿವಮಾರನು ಶ್ರೀಪುರುಷನ ಮಗನೆಂಬುದು ನಿಸ್ಸಂದೇಹವಾಗಿದೆ. ಆದರೆ ಶ್ರೀಪುರುಷನಿಂದ ಒಂದು ಮೆಟ್ಟಿಲು ಹಿಂದಕ್ಕೆ ಹೋದರೆ ತೊಡಕು ಎದುರಾಗುತ್ತದೆ. ಪಟಗಳು ಆತನನ್ನು ಮೊದಲನೆಯ ಶಿವಮಾರನ ಮೊಮ್ಮಗನೆಂದು ಕರೆಯುತ್ತವೆ. ನಡುವಿನ ತಂದೆ ಅರಸರ ಸಾಲಿನಲ್ಲಿ ಬರುವುದಿಲ್ಲ. ದಾನಪತ್ರಕ್ಕೆ ಬೇಕಾದುದು ಪಟ್ಟವೇರಿದವರ ಪರಂಪರೆ. ಮನೆಯಲ್ಲಿ ಹುಟ್ಟಿದವರೆಲ್ಲರ ಪಟ್ಟಿಯಲ್ಲ. ಸುಮಾರು ಅರವತ್ತು ವರ್ಷಗಳಷ್ಟು ದೀರ್ಘಕಾಲ ಆಳಿದ ದೊರೆಯ ತಂದೆಯೇ ಹೀಗೆ ಮರೆಯಾಗಬಹುದಾದರೆ, ವಂಶದ ಮೊದಲಿಗನ ತಂದೆಯ ವಿಷಯ ಹೇಗಿದ್ದೀತು?

ಜೈನ ಸಮಾಜಕ್ಕೆ ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ. ಗಂಗರಾಜ್ಯದ ಸ್ಥಾಪನೆಯ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ, ಬಸದಿಗಳ ಸ್ಥಳಪುರಾಣಗಳಲ್ಲಿ ಅಚ್ಚುಹಾಕಿಸುತ್ತಾರೆ. ಇಕ್ಷ್ವಾಕುವಂಶದ ಪದ್ಮನಾಭನೆಂಬ ಅರಸನ ಮೇಲೆ ಉಜ್ಜಯಿನಿಯ ಮಹೀಪಾಲನು ದಂಡೆತ್ತಿ ಬಂದಾಗ, ಪದ್ಮನಾಭನು ತನ್ನ ಇಬ್ಬರು ಮಕ್ಕಳನ್ನು ದಕ್ಷಿಣಕ್ಕೆ ಕಳುಹಿಸಿದನು. ದಡಿಗ, ಮಾಧವರೆಂದು ಹೆಸರಾದ ಆ ಕುಮಾರರು ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡರು. ಆಚಾರ್ಯರ ಅನುಗ್ರಹದಿಂದ ಮಾಧವನು ಒಂದೇ ಏಟಿಗೆ ಶಿಲಾಸ್ತಂಭವನ್ನು ಕಡಿದನು. ಆಚಾರ್ಯರು ಕರ್ಣಿಕಾರದ ಹೂವಿನ ಎಸಳುಗಳಿಂದ ಪಟ್ಟಕಟ್ಟಿ, ತಮ್ಮ ಪಿಂಛವನ್ನೇ ಧ್ವಜವಾಗಿ ಕೊಟ್ಟರು. ಆಡಿದ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದೆಹೋದರೆ, ಪರಸತಿಗೆ ಅಳುಪಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಓಡಿದರೆ ವಂಶ ಅಳಿಯುವುದೆಂದು ಎಚ್ಚರಿಸಿದರು. ನಂದಗಿರಿ ಕೋಟೆಯಾಯಿತು, ಕುವಳಾಲ ರಾಜಧಾನಿಯಾಯಿತು, ತೊಂಬತ್ತಾರುಸಾಸಿರ ನಾಡಾಯಿತು.

ಇಷ್ಟೂ ವಿವರ ತುಂಬಿ ನಿಂತಿರುವುದು ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ 1121ರ ಶಿಲಾಶಾಸನದಲ್ಲಿ. ಹುಂಚದ 1077ರ ಶಾಸನದಲ್ಲಿಯೂ ಪುರಲೆಯ ಶಾಸನದಲ್ಲಿಯೂ ಗಂಗರ ಮೂಲದ ಕಥನವಿದೆ. ಕೊಂಗಣಿವರ್ಮನ ಕಾಲವನ್ನು ವಿದ್ವಾಂಸರು ನಾಲ್ಕನೆಯ ಶತಮಾನದ ನಡುಭಾಗವೆಂದು ಎಣಿಸುತ್ತಾರೆ. ಅಂದಮೇಲೆ ತಂದೆಗೂ ಆ ತಂದೆಯ ಹೆಸರು ಹೇಳುವ ಕಲ್ಲಿಗೂ ನಡುವೆ ಏಳುನೂರು ವರ್ಷಗಳಿಗೂ ಮಿಕ್ಕ ಅಂತರ. ಈ ಅಂತರವನ್ನು ದಾಟಲು ಹಳೆಯ ಪತ್ರಗಳು ಬೇಕು.

ಅಂತಹ ಪತ್ರಗಳು ದೊರೆತದ್ದು ಶಿವಾರಪಟ್ಟಣವಿರುವ ಮಾಲೂರು ತಾಲ್ಲೂಕಿನಲ್ಲಿಯೇ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ನೊಣಮಂಗಲವೆಂಬ ಗ್ರಾಮದಲ್ಲಿ, ನೆಲಸಮವಾಗಿದ್ದ ಪ್ರಾಚೀನ ಬಸದಿಯೊಂದರ ತಳಪಾಯದ ಎಡೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎರಡು ಜೊತೆ ತಾಮ್ರಪಟಗಳು ಸಿಕ್ಕವು. ಅವುಗಳೊಡನೆ ಲೋಹದ ಮೂರ್ತಿಗಳೂ ವಾದ್ಯಗಳೂ ಇದ್ದವು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಇವು ಮಾಲೂರಿನ 72 ಮತ್ತು 73ನೆಯ ಶಾಸನಗಳಾಗಿ ಅಚ್ಚಾಗಿವೆ. ಮೊದಲನೆಯದು ಮಾಧವನೆಂಬ ಅರಸನ 13ನೆಯ ಆಳ್ವಿಕೆಯ ವರ್ಷದ್ದು. ಆಚಾರ್ಯ ವೀರದೇವರ ಉಪದೇಶದಿಂದ, ಪೆರ್ಬೊಳಲ್ ಗ್ರಾಮದಲ್ಲಿ ಮೂಲಸಂಘದವರು ಕಟ್ಟಿಸಿದ ಅರ್ಹದಾಯತನಕ್ಕೆ ಕೆರೆಯ ಕೆಳಗಿನ ಭೂಮಿಯನ್ನೂ ಕುಮಾರಪುರವೆಂಬ ಹಳ್ಳಿಯನ್ನೂ ಕೊಟ್ಟದ್ದನ್ನು ಹೇಳುತ್ತದೆ. ಎರಡನೆಯದು ಅವಿನೀತನದು. ಗುರು ವಿಜಯಕೀರ್ತಿಯವರ ಮಾತಿನಂತೆ, ಮೂಲಸಂಘದ ಚಂದ್ರನಂದಿ ಮುಂತಾದವರು ನೆಲೆಗೊಳಿಸಿದ ಉರನೂರಿನ ಅರ್ಹದಾಯತನಕ್ಕೆ ವೆನ್ನೆಲ್ಕರಣಿ ಗ್ರಾಮವನ್ನು ಬಿಟ್ಟ ಪತ್ರ.

ಗಂಗರ ಆದಿಪುರುಷನ ಬಗ್ಗೆ ಜೈನಾಲಯವೊಂದರ ಒಡಲಲ್ಲಿಯೇ ಉಳಿದುಬಂದ ಪತ್ರಗಳಿವು. ಹಾಗಿದ್ದಮೇಲೆ ಪದ್ಮನಾಭನ ಮಗ ಎಂಬ ಮಾತು, ಸಿಂಹನಂದಿಗಳ ಸ್ಮರಣೆ ಇಲ್ಲಿ ಇರಲೇಬೇಕೆಂದು ಯಾರಿಗಾದರೂ ತೋರಬಹುದು. ಇಲ್ಲ. ವಂಶ ಜಾಹ್ನವೇಯ ಕುಲ, ಗೋತ್ರ ಕಾಣ್ವಾಯನ, ಮೊದಲಿಗ ಕೊಂಗಣಿವರ್ಮ. ತನ್ನ ಭುಜಬಲದಿಂದ ನಾಡನ್ನು ಗೆದ್ದವನು, ವೈರಿಗಳೊಡನೆ ಕಾದಿ ಪಡೆದ ಗಾಯಗಳನ್ನೇ ಒಡವೆಯಾಗಿ ತೊಟ್ಟವನು ಎಂಬಷ್ಟೇ ವರ್ಣನೆ. ಅವನ ಮಗ ಮಾಧವ, ಅಲ್ಲಿಂದ ಮುಂದೆ ಹರಿವರ್ಮ, ವಿಷ್ಣುಗೋಪ ಇತ್ಯಾದಿ. ಕೊಂಗಣಿವರ್ಮನಿಗಿಂತ ಹಿಂದೆ ಯಾರ ಹೆಸರೂ ಇಲ್ಲ. ಶಿಲಾಸ್ತಂಭವನ್ನು ಕಡಿದ ಪ್ರಸ್ತಾಪ ಮುಂದಿನ ಕಾಲದ ತಾಮ್ರಪಟಗಳಲ್ಲಿ ಸೇರುತ್ತದೆ. ಇನ್ನೊಂದು ತೊಡಕನ್ನೂ ಇಲ್ಲಿಯೇ ಗಮನಿಸಬೇಕು. ಐತಿಹ್ಯದಲ್ಲಿ ಮಾಧವನೇ ರಾಜ್ಯವನ್ನು ಸ್ಥಾಪಿಸಿದ ಕೊಂಗಣಿವರ್ಮ. ಹಳೆಯ ಪಟಗಳಲ್ಲಿ ಮಾಧವನು ಕೊಂಗಣಿವರ್ಮನ ಮಗ. ದಡಿಗನೆಂಬ ಸೋದರನಂತೂ ಅಲ್ಲಿ ಕಾಣಿಸುವುದೇ ಇಲ್ಲ.

ಇಷ್ಟರಿಂದಲೇ ವಿಷಯ ಮುಗಿಯುವುದಿಲ್ಲ. ಗಂಗರ ತಾಮ್ರಪಟಗಳಲ್ಲಿ ಎಷ್ಟು ನಿಜವಾದವು ಎಂಬ ಪ್ರಶ್ನೆಯೇ ಅರ್ಧ ಶತಮಾನ ಕಾಲ ದೊಡ್ಡ ವಾದಕ್ಕೆ ಎಡೆಮಾಡಿತು. ಜೆ. ಎಫ್. ಫ್ಲೀಟ್ ಅವರು ಇವುಗಳಲ್ಲಿ ಬಹುಪಾಲು ಕೂಟಶಾಸನಗಳೆಂದು, ಅವುಗಳಲ್ಲಿನ ಹಳೆಯ ವಂಶಾವಳಿ ನಂಬತಕ್ಕದ್ದಲ್ಲವೆಂದು ಹಟದಿಂದ ವಾದಿಸಿದರು. ರೈಸ್ ಅವರು ಅಷ್ಟೇ ಹಟದಿಂದ ಅವುಗಳ ಪರ ನಿಂತರು. ಫ್ಲೀಟರ ಕಾಠಿಣ್ಯ ಕೆಲವೆಡೆ ಮಿತಿಮೀರಿತ್ತು, ನಿಜ. ಆದರೆ ರೈಸ್ ಅವರ ಪ್ರೀತಿಯೂ ಎಲ್ಲೆಡೆ ನ್ಯಾಯವಾಗಿರಲಿಲ್ಲ. ಆಂಧ್ರಪ್ರದೇಶದ ಪೆನುಕೊಂಡದಲ್ಲಿ ದೊರೆತ ಮಾಧವನ ಪಟಗಳನ್ನು ಕಂಡಮೇಲೆ ಫ್ಲೀಟ್ ಅವರೇ ಇದು ನಿಜವಾದ ಶಾಸನವೆಂದು ಒಪ್ಪಿದರು. ಐದನೆಯ ಶತಮಾನದ ಉತ್ತರಾರ್ಧಕ್ಕೆ ಅದನ್ನು ಸೇರಿಸಿದರು. ಅದರಲ್ಲಿ ಕೊಂಗಣಿವರ್ಮ, ಅವನ ಮಗ ಮಾಧವ, ಅವನ ಮಗ ಅಯ್ಯವರ್ಮ, ಅವನ ಮಗ ಸಿಂಹವರ್ಮನೆಂಬ ಮಾಧವ, ಹೀಗೆ ಸಾಲು ಸಾಗುತ್ತದೆ. ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನು, ಅವನ ಮಗನಿಗೆ ಪಲ್ಲವ ಸ್ಕಂದವರ್ಮನು ಪಟ್ಟಕಟ್ಟಿದರೆಂದೂ ಹೇಳಿದೆ. ಮೂರನೆಯ ತಲೆಯಲ್ಲಿ ನೊಣಮಂಗಲದ ಹರಿವರ್ಮನೂ ಪೆನುಕೊಂಡದ ಅಯ್ಯವರ್ಮನೂ ಬೇರೆಬೇರೆಯಾಗಿ ನಿಲ್ಲುವುದರಿಂದ, ಒಬ್ಬನಿಗೇ ಎರಡು ಹೆಸರೋ, ಎರಡು ಕವಲುಗಳೋ ಎಂಬ ವಿಚಾರ ಹುಟ್ಟಿತು. ಹೀಗೆ ಮೂರನೆಯವನಲ್ಲಿ ಭಿನ್ನವಾಗುವ ಪತ್ರಗಳು ಮೊದಲಿಗನಲ್ಲಿ ಮಾತ್ರ ಒಂದಾಗುತ್ತವೆ. ಎಲ್ಲವೂ ಕೊಂಗಣಿವರ್ಮನಿಂದಲೇ ಆರಂಭ. ತಂದೆಯ ವಿಷಯದಲ್ಲಿ ಎಲ್ಲವೂ ಮೌನ.

ಮಡಿಕೇರಿಯ ತಾಮ್ರಪಟಗಳ ಕಥೆ ನಮ್ಮವರಿಗೆ ಇನ್ನೂ ಹತ್ತಿರದ್ದು. ಅವಿನೀತನ ಹೆಸರಿನ ಆ ಪಟಗಳಲ್ಲಿ 388ನೆಯ ವರ್ಷವೆಂದಿದೆ. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ತಲವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆಯ ದಾನ, ಕೊಂಡಕುಂದಾನ್ವಯದ ಮುನಿಗಳ ಸಾಲು, ಎಲ್ಲವೂ ಅಲ್ಲಿವೆ. ಆಚಾರ್ಯ ಕುಂದಕುಂದರ ಪ್ರಾಚೀನತೆಗೆ ಈ ಪಟವನ್ನು ಎಷ್ಟೋ ಲೇಖನಗಳಲ್ಲಿ ಆಧಾರವಾಗಿ ಕೊಟ್ಟದ್ದುಂಟು. ಆದರೆ ಅದೇ ಪಟದಲ್ಲಿ ಅಕಾಲವರ್ಷನ ಮಂತ್ರಿಯೊಬ್ಬನು ಬರುತ್ತಾನೆ. ಅಕಾಲವರ್ಷವೆಂಬುದು ರಾಷ್ಟ್ರಕೂಟ ದೊರೆಗಳ ಬಿರುದು. ಲಿಪಿಯೂ ಐದನೆಯ ಶತಮಾನದ್ದಲ್ಲ. ಹಳೆಯ ದಾನವೊಂದರ ನೆನಪನ್ನು ಮುಂದಿನವರು ಹೊಸದಾಗಿ ಬರೆಯಿಸಿರಬೇಕು. ಮೂಲಪತ್ರ ಕಳೆದುಹೋಗಿ ಸದುದ್ದೇಶದಿಂದ ಬರೆಯಿಸಿದ್ದರೂ ಇರಬಹುದು. ಆದರೂ 466ರ ಸಾಕ್ಷಿಯೆಂದು ಅದನ್ನು ನ್ಯಾಯಸ್ಥಾನಕ್ಕೆ ತರಲಾಗದು. ಆಚಾರ್ಯ ಕುಂದಕುಂದರ ಹಿರಿಮೆ ಸಮಯಸಾರದಲ್ಲಿದೆ. ಈ ತಾಮ್ರದ ತುಂಡನ್ನು ಅದು ಆಶ್ರಯಿಸಿಲ್ಲ.

ಶ್ರಾವಕನ ಆಚಾರಶಾಸ್ತ್ರವು ಈ ವಿಷಯವನ್ನು ಹೆಸರಿಟ್ಟೇ ಹೇಳಿದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅದು ಇದೆ. ಸುಳ್ಳು ಪತ್ರ ಬರೆಯುವುದು, ಬರೆಯಿಸುವುದು ವ್ಯಾಪಾರದ ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವುದು ವಾಡಿಕೆ. ವಂಶಾವಳಿಯೂ ಪತ್ರವೇ. ಅದೇ ಗ್ರಂಥದ 6ನೆಯ ಅಧ್ಯಾಯದಲ್ಲಿ, ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳಿದೆ. ಉಚ್ಚಕುಲವನ್ನು ಸಾಧಿಸಲು ಇಲ್ಲದ ಪೂರ್ವಜನನ್ನು ಸೃಷ್ಟಿಸಿಕೊಳ್ಳುವವನಿಗೆ ಶಾಸ್ತ್ರವು ಕೊಡುವ ಫಲ ಸ್ವಲ್ಪ ವಿನೋದವೇ ಆಗಿದೆ.

ಹಾಗಾದರೆ ಪದ್ಮನಾಭನೆಂಬ ಹೆಸರು ಎಲ್ಲಿಂದ ಬಂದಿತು? ಕಲ್ಲೂರುಗುಡ್ಡದ ಶಾಸನವನ್ನು ಬರೆದವನು ಸುಳ್ಳುಗಾರನೆಂದು ದೂಷಿಸಬೇಕಾದ ಅಗತ್ಯವಿಲ್ಲ. ಗಂಗರ ಪುರಾತನ ತಾಮ್ರಪಟಗಳು ಸಾಮಾನ್ಯವಾಗಿ ಒಂದೇ ಸ್ತುತಿಯಿಂದ ತೊಡಗುತ್ತವೆ. ಮೋಡವಿಲ್ಲದ ಆಗಸದಂತೆ ಕಾಂತಿಯುಳ್ಳ ಭಗವಂತನಿಗೆ ಜಯವೆಂಬುದು ಅದರ ಭಾವ; ಆ ಭಗವಂತನಿಗೆ ಅಲ್ಲಿರುವ ಹೆಸರು ಪದ್ಮನಾಭ. ಅದು ದೇವರ ಹೆಸರು. ಅದಾದ ಮರುಸಾಲಿನಲ್ಲಿಯೇ ಜಾಹ್ನವೇಯ ಕುಲದ ಕೊಂಗಣಿವರ್ಮ ಬರುತ್ತಾನೆ. ಏಳು ಶತಮಾನಗಳ ಅನಂತರ, ಹಳೆಯ ಪಟಗಳನ್ನು ಮುಂದಿಟ್ಟುಕೊಂಡು ವಂಶಕಥನವನ್ನು ರಚಿಸಿದವನಿಗೆ, ಕೊಂಗಣಿವರ್ಮನ ಹೆಸರಿಗಿಂತ ಮೇಲಿದ್ದ ಹೆಸರು ಅವನ ತಂದೆಯದಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ಎರಡು ಕಡೆಯೂ ಒಂದೇ ಹೆಸರು ಬಂದಿರುವುದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. ಜಾಹ್ನವೇಯ ಎಂಬ ಮಾತಿನಿಂದಲೇ ಗಂಗಾಸ್ನಾನದಿಂದ ಹುಟ್ಟಿದ ಗಂಗದತ್ತನ ಕಥೆ ಬೆಳೆದುದನ್ನು ನೋಡಿದರೆ, ಒಂದು ಪದದಿಂದ ಒಬ್ಬ ಪೂರ್ವಜನು ಮೂಡುವ ಕ್ರಮ ಆ ಕಾಲದ ವಂಶಕಥನಕಾರರಿಗೆ ಹೊಸದಾಗಿರಲಿಲ್ಲ.

ಆ ಶಾಸನದ ಉದ್ದೇಶವೂ ಸ್ಪಷ್ಟವಾಗಿದೆ. ಮಂಡಲಿಯ ಗಂಗರು ಆ ವೇಳೆಗೆ ಸಾಮಂತರು. ಅವರ ಪೂರ್ವಜರ ಮಹಾರಾಜ್ಯ ಹೋಗಿ ನೂರು ವರ್ಷಗಳ ಮೇಲಾಗಿತ್ತು. ತಮ್ಮ ಬೆಟ್ಟದ ಮೇಲಿನ ಬಸದಿಯನ್ನು ದಡಿಗಮಾಧವರೇ ಮೊದಲು ಮಾಡಿಸಿದರೆಂದು ಅವರು ಹೇಳಿಕೊಂಡರು. ಬಸದಿಯ ಹಕ್ಕಿಗೂ ಮನೆತನದ ಮಾನಕ್ಕೂ ದೀರ್ಘವಾದ ವಂಶಾವಳಿ ಬೇಕಾಗಿತ್ತು. ಇಂದು ಟ್ರಸ್ಟಿನ ಕಚೇರಿಯಲ್ಲಿ ಯಾವ ಮನೆಯವರು ಮೊದಲ ಮೊಕ್ತೇಸರರೆಂಬ ವಾದ ಎದ್ದಾಗ ಅಜ್ಜನ ಅಜ್ಜನ ಹೆಸರು ಹೇಗೆ ಹೊರಬರುತ್ತದೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಜನನದ ವಿಷಯದಲ್ಲಿ ಗಟ್ಟಿಯಾದ ಸಾಕ್ಷ್ಯ ಎಂಥದೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಉದಾಹರಣೆ ಇದೆ. ಆದಿಕವಿ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ: ವೆಂಗಿಮಂಡಲದ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ. ಜಿನಧರ್ಮವನ್ನು ಹಿಡಿದವನು ಈ ಕೊನೆಯವನು, ಕವಿಯ ತಂದೆ. ಬಹುಕಾಲ ಇಷ್ಟೇ ತಿಳಿದಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದ ಶಾಸನ ವಿದ್ವಾಂಸರ ಗಮನಕ್ಕೆ ಬಂದಿತು. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿರುವ ಅದನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿ, ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ಬನವನ್ನೂ ಮಾಡಿಸಿದ ಈತ, ತಾವು ಅಭಿಮಾನಚಂದ್ರನ ಮೊಮ್ಮಗ ಭೀಮಪಯ್ಯನ ಮಕ್ಕಳೆಂದು, ತಾಯಿ ಬೆಳ್ವಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆಯೆಂದು ಹೇಳಿದ್ದಾನೆ.

ತಂದೆಯ ಹೆಸರು ಕಾವ್ಯದಲ್ಲಿ ಒಂದು, ಕಲ್ಲಿನಲ್ಲಿ ಇನ್ನೊಂದು. ಆದರೂ ಸಾಕ್ಷ್ಯ ಮುರಿಯುವುದಿಲ್ಲ. ಕಾವ್ಯದ ಪ್ರಕಾರ ಅಭಿಮಾನಚಂದ್ರನ ಮೊಮ್ಮಗ ಅಭಿರಾಮದೇವರಾಯ, ಕಲ್ಲಿನ ಪ್ರಕಾರ ಅಭಿಮಾನಚಂದ್ರನ ಮೊಮ್ಮಗ ಭೀಮಪಯ್ಯ. ಸ್ಥಾನ ಒಂದೇ ಆದುದರಿಂದ ವ್ಯಕ್ತಿಯೂ ಒಬ್ಬನೇ ಎಂದು ನಿರ್ಣಯಿಸಬಹುದು. ಅರಿಕೇಸರಿಯು ಪಂಪನಿಗೆ ಕೊಟ್ಟ ಧರ್ಮವುರದ ಅಗ್ರಹಾರ ಎರಡು ಕಡೆಯೂ ಬರುತ್ತದೆ. ಬರೆಯಿಸಿದವನು ಒಡಹುಟ್ಟಿದವನು, ಕಾಲ ಪಂಪನದೇ, ಅಂದರೆ ಆದಿಪುರಾಣವು ಮುಗಿದ 941ರ ಆಸುಪಾಸು. ಅಣ್ಣನ ಕಾವ್ಯದಿಂದ ತಿಳಿಯದಿದ್ದ ತಾಯಿಯ ಹೆಸರನ್ನು ತಮ್ಮನು ಉಳಿಸಿಕೊಟ್ಟನು. ವೆಂಗಿಯ ಮನೆತನದ ಕವಿಗೆ ತಿರುಳ್ಗನ್ನಡದ ಮೇಲೆ ಅಷ್ಟು ಹಿಡಿತ ಹೇಗೆ ಬಂದಿತೆಂಬ ಹಳೆಯ ಪ್ರಶ್ನೆಗೆ, ತಾಯಿಯ ತವರು ಅಣ್ಣಿಗೇರಿಯೆಂಬ ಒಂದು ಸಂಗತಿ ಎಷ್ಟೋ ಬೆಳಕು ಕೊಟ್ಟಿತು. ಗಂಗರ ಕಾಲದಲ್ಲಿಯೂ ಹೆಣ್ಣುಮಕ್ಕಳ ಜನನವನ್ನು ದಾನಪತ್ರ ಕಾಪಾಡಿದ ನಿದರ್ಶನವಿದೆ. ಶ್ರೀಪುರುಷನ 776ರ ದೇವರಹಳ್ಳಿ ಪಟಗಳಲ್ಲಿ, ಶ್ರೀಪುರದ ಲೋಕತಿಲಕ ಜಿನಾಲಯವನ್ನು ಕಟ್ಟಿಸಿದ ಕುಂದಾಚ್ಚಿಯು ಮರುವರ್ಮನ ಮಗಳು, ಪಲ್ಲವಾಧಿರಾಜನ ಮೊಮ್ಮಗಳು ಎಂದು ಸ್ಪಷ್ಟವಾಗಿ ಹೇಳಿದೆ. ದೊರೆಯ ತಂದೆಗೆ ದೊರೆಯದ ಜಾಗ ಬಸದಿ ಕಟ್ಟಿಸಿದ ಶ್ರಾವಿಕೆಯ ತಂದೆಗೆ ದೊರೆಯಿತು.

ಈ ಅಳತೆಗೋಲಿನಿಂದ ನೋಡಿದರೆ ಪದ್ಮನಾಭನು ಕೊಂಗಣಿವರ್ಮನ ತಂದೆಯೆಂಬುದು ಸಾಧಿತವಾಗಿಲ್ಲ. ಸಮಕಾಲೀನ ಪತ್ರವಿಲ್ಲ, ಹತ್ತಿರದ ಬಂಧುವಿನ ಮಾತಿಲ್ಲ, ಸ್ವತಂತ್ರವಾದ ಇನ್ನೊಂದು ಮೂಲವಿಲ್ಲ. ಸಿಂಹನಂದಿಗಳ ವಿಷಯವನ್ನು ಇದರೊಡನೆ ಬೆರೆಸಬಾರದು. ಅದರ ಸಾಕ್ಷ್ಯ ಬೇರೆ, ಸ್ವಲ್ಪ ಮೇಲಾದುದು. ತಮಿಳುನಾಡಿನ ಉದಯೇಂದಿರಂ ತಾಮ್ರಪಟಗಳು ಚೋಳ ಪರಾಂತಕನ 15ನೆಯ ಆಳ್ವಿಕೆಯ ವರ್ಷದವು, ಸುಮಾರು 921ರವು. ಗಂಗ ಹಸ್ತಿಮಲ್ಲನ ಆ ಪತ್ರವು, ಸಿಂಹನಂದಿಗಳ ಮಹಿಮೆಯಿಂದ ಗಂಗವಂಶ ಏಳಿಗೆ ಹೊಂದಿತೆನ್ನುತ್ತದೆ. ಹಸ್ತಿಮಲ್ಲನು ಶಿವಮಾರನ ಮಗ ಪೃಥಿವೀಪತಿಯ ಕವಲಿನವನು; ಶಿವಮೊಗ್ಗ ಸೀಮೆಯ ಗಂಗರಿಗಿಂತ ದೂರದವನು, ಎರಡು ಶತಮಾನ ಹಿಂದಿನವನು, ಚೋಳರ ಆಶ್ರಯದಲ್ಲಿದ್ದವನು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಸಿಂಹನಂದಿಗಳ ಅನುಗ್ರಹವನ್ನೂ ಶಿಲಾಸ್ತಂಭವನ್ನೂ ಕೂಡಿಸಿ ಹೇಳಿದೆ. ಬೇರೆಬೇರೆ ನಾಡುಗಳ ಇಂತಹ ಸ್ಮೃತಿಗಳು ಒಂದಾಗುವಾಗ ಅವುಗಳ ಹಿಂದೆ ಒಂದು ಸಂಗತಿ ಇದ್ದಿರಬೇಕೆನ್ನುವುದು ನ್ಯಾಯ. ಪದ್ಮನಾಭನ ಹೆಸರು ಬಿದ್ದುಹೋದರೂ ಸಿಂಹನಂದಿಗಳು ನಿಲ್ಲುತ್ತಾರೆ. ಆದುದರಿಂದ ಸ್ಥಳಪುರಾಣವನ್ನು ಅಚ್ಚುಮಾಡಿಸುವವರು, ತಂದೆಮಕ್ಕಳ ಸಂಬಂಧವನ್ನು ಹನ್ನೊಂದು ಹನ್ನೆರಡನೆಯ ಶತಮಾನಗಳ ಶಾಸನಗಳ ಕಥನವೆಂದು ಕಾಲಸಹಿತ ಬರೆದರೆ ಸಾಕು.

ನೊಣಮಂಗಲದ ಎರಡನೆಯ ಪಟದಲ್ಲಿ ಇನ್ನೊಂದು ಸಾಲು ಉಳಿದಿದೆ. ಉರನೂರಿನ ದಾನವನ್ನು ಹೇಳಿದ ಮೇಲೆ ಅವಿನೀತನು ಪೇರೂರಿನ ಏವಾನಿ ಅಡಿಗಳ ಅರ್ಹದಾಯತನಕ್ಕೆ ಹೊರಸುಂಕದ ಕಾರ್ಷಾಪಣದಲ್ಲಿ ನಾಲ್ಕನೆಯ ಒಂದು ಪಾಲನ್ನು ಬಿಟ್ಟುಕೊಡುತ್ತಾನೆ. ಸಿಂಹನಂದಿಗಳು ಕುಮಾರರನ್ನು ಕಂಡರೆಂದು ಐತಿಹ್ಯ ಹೇಳುವ ಊರೂ ಪೇರೂರೇ. ಅದನ್ನು ಕಡಪ ಜಿಲ್ಲೆಯ ಗಂಗಪೇರೂರೆಂದು ಗುರುತಿಸಿದ್ದಾರೆ. ಎರಡೂ ಒಂದೇ ಪೇರೂರೆಂದು ಹೇಳಲು ಪಟದಲ್ಲಿ ಆಧಾರವಿಲ್ಲ. ಆದರೆ ಗಂಗರ ಮೊದಲ ಅರಸರ ಕಾಲದಲ್ಲಿಯೇ ಪೇರೂರೆಂಬ ಒಂದು ಊರಿನಲ್ಲಿ ಜಿನಾಲಯವಿತ್ತು, ಅದಕ್ಕೆ ಅರಮನೆಯ ಸುಂಕದಲ್ಲಿ ಪಾಲು ಸಲ್ಲುತ್ತಿತ್ತು ಎಂಬುದಕ್ಕೆ ಈ ಸಾಲು ಸಾಕ್ಷಿ. ಆ ಆಯತನವನ್ನು ಮೊದಲು ಯಾರು ಕಟ್ಟಿಸಿದರೆಂದು ಅದು ಹೇಳುವುದಿಲ್ಲ.